ಸೆಡಾನ್ ಬಿಟ್ಟು ಎಸ್‌ಯುವಿ: ವಿಜಯಪುರ–ಬೆಳಗಾವಿ ಓಡಾಟಕ್ಕೆ ಯಾವುದು ಸರಿ?

ಗುಮ್ಮಟದೂರು
ವಿಜಯಪುರದವನು. ಹಳೇ ಸೆಡಾನ್ ಮಾರಬೇಕು. ಬಜೆಟ್ 15ರಿಂದ 17 ಲಕ್ಷ. ತಂಗಿ ಮನೆ ಬೆಳಗಾವಿಯಲ್ಲಿದೆ, ಹಾಗಾಗಿ ಜಮಖಂಡಿ, ಮುಧೋಳ, ಯರಗಟ್ಟಿ ಮೇಲೆ ಆಗಾಗ ಓಡಾಟ. ಬೇಸಿಗೆ ರಜೆಗೆ ಚೋರ್ಲಾ ಘಾಟ್ ಇಳಿದು ಗೋವಾ. ಅವ್ವ, ಇಬ್ಬರು ಮಕ್ಕಳು, ನಾವಿಬ್ಬರು. ಯಾರನ್ನು ಕೇಳಿದರೂ "ಎಸ್‌ಯುವಿ ತಗೊಳ್ರಿ, ನಮ್ಮ ರಸ್ತೆಗೆ ಅದೇ ಸರಿ" ಅಂತಾರೆ. ಆದರೆ ಗೆಳೆಯನ ಎತ್ತರದ ಗಾಡಿ ಓಡಿಸಿದಾಗ ತಿರುವಿನಲ್ಲಿ ಮೈ ವಾಲುವುದು ನೋಡಿ ಧೈರ್ಯ ಬರಲಿಲ್ಲ. ಇದು ನನಗೆ ರೂಢಿ ಇಲ್ಲದ್ದಕ್ಕೋ, ಗಾಡಿ ಗುಣವೋ? ಮೈಲೇಜು, ಸನ್‌ರೂಫ್ ಮಾತು ಬೇಡ. ರಸ್ತೆ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಅಷ್ಟೇ ಹೇಳಿ.

ಕಪ್ಪು ಸ್ಕಾರ್ಪಿಯೊ
ರೂಢಿ ಇಲ್ಲದ್ದಕ್ಕೇ. ಒಂದು ವಾರ ಓಡಿಸಿ, ಆಮೇಲೆ ಸೆಡಾನ್‌ನಲ್ಲಿ ಕೂತರೆ ನೆಲದ ಮೇಲೆ ಕೂತಂತೆ ಅನಿಸುತ್ತದೆ. ಮುಧೋಳ ಕಡೆ ಬಣ್ಣ ಬಳಿಯದ ಹಂಪ್ ಎಷ್ಟಿವೆ ಅಂತ ನಿಮಗೇ ಗೊತ್ತು. ಐದು ಜನ, ಡಿಕ್ಕಿ ತುಂಬ ಸಾಮಾನು ಇಟ್ಟುಕೊಂಡು ಸೆಡಾನ್ ದಾಟಿಸಿ ನೋಡಿ, ಹೊಟ್ಟೆ ಕೆರೆಯುವ ಸದ್ದಿಗೆ ಜೀವ ಹೋಗುತ್ತದೆ. ಎತ್ತರ ಕೂತರೆ ಮುಂದಿನ ನಾಲ್ಕು ಗಾಡಿ ಕಾಣುತ್ತವೆ. ಕಬ್ಬಿನ ಸೀಸನ್‌ನಲ್ಲಿ ಇದಕ್ಕಿಂತ ಜಾಸ್ತಿ ಏನು ಬೇಕು?

ಟಿಳಕವಾಡಿ
ಕಾಣುತ್ತದೆ ಸರಿ. ಆದರೆ ಎತ್ತರ ಕೂತಾಗ ರಸ್ತೆ ದೂರದಲ್ಲಿ ಓಡಿದಂತೆ ಕಾಣುವುದರಿಂದ ವೇಗ ಕಮ್ಮಿ ಅನಿಸುತ್ತದೆ. 70 ಅಂದುಕೊಂಡಿರುತ್ತೇವೆ, ಮೀಟರ್ 90 ತೋರಿಸುತ್ತಿರುತ್ತದೆ. ತಿರುವಿನಲ್ಲಿ ಇದು ದುಬಾರಿ ಬೀಳುತ್ತದೆ. 60ರಲ್ಲಿ ಹೋಗುವ ತಿರುವಿಗೆ 80ರಲ್ಲಿ ಹೋದರೆ ಪಕ್ಕಕ್ಕೆ ಎಳೆಯುವ ಬಲ ಒಂದೂಮುಕ್ಕಾಲು ಪಟ್ಟು ಆಗುತ್ತದೆ, ಯಾಕಂದರೆ ಅದು ವೇಗದ ವರ್ಗದ ಜೊತೆ ಏರುತ್ತದೆ. ಗಾಡಿ ಯಾವುದಾದರೂ ಈ ಲೆಕ್ಕ ಬದಲಾಗಲ್ಲ. ಎತ್ತರದ ಗಾಡಿಗೆ ತಾಳಿಕೊಳ್ಳುವ ಶಕ್ತಿ ಕಮ್ಮಿ, ಅಷ್ಟೇ.

ಕಪ್ಪು ಸ್ಕಾರ್ಪಿಯೊ
ಅಂದ್ರೆ ಎಸ್‌ಯುವಿ ಎಲ್ಲಾ ಮಗುಚಿಕೊಳ್ಳುತ್ತವೆ ಅಂತೀರಾ? ದಿನಾ ಸಾವಿರಾರು ಓಡಾಡ್ತಾವಲ್ರಿ.

ಟಿಳಕವಾಡಿ
ಹಾಗೆ ಹೇಳಲಿಲ್ಲ. ಸ್ವಲ್ಪ ಲೆಕ್ಕ ಹಾಕೋಣ, ಬೇಜಾರಾದರೆ ಕೆಳಗಿಳಿಯಿರಿ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಒಂದು ಸಂಖ್ಯೆ ಬಳಸುತ್ತದೆ, ಸ್ಟ್ಯಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್ ಅಂತ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗಾಡಿಯ ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಅದು ಬರುತ್ತದೆ. ಸಂಖ್ಯೆ ದೊಡ್ಡದಾದಷ್ಟು ಮಗುಚುವುದು ಕಷ್ಟ. ಒಂದು ಉದಾಹರಣೆ. ಚಕ್ರದಂತರ 1.5 ಮೀಟರ್, ಭಾರಕೇಂದ್ರ 55 ಸೆಂ.ಮೀ. ಎತ್ತರದಲ್ಲಿದ್ದರೆ 1.36. ಅದೇ ಅಂತರ ಇಟ್ಟುಕೊಂಡು ಭಾರಕೇಂದ್ರವನ್ನು 70 ಸೆಂ.ಮೀ.ಗೆ ಏರಿಸಿದರೆ 1.07. ಮೊದಲನೆಯದು ಹೆಚ್ಚುಕಮ್ಮಿ ಸೆಡಾನ್, ಎರಡನೆಯದು ಎತ್ತರದ ಎಸ್‌ಯುವಿ. ಒಣ ಡಾಂಬರಿನ ಮೇಲೆ ಸಾಮಾನ್ಯ ಟಯರಿನ ಹಿಡಿತ 1ಕ್ಕಿಂತ ಕಮ್ಮಿಯೇ ಇರುತ್ತದೆ. ಹಿಡಿತ ಈ ಸಂಖ್ಯೆಗಿಂತ ಕಮ್ಮಿ ಅಂದ್ರೆ ಗಾಡಿ ಮಗುಚುವ ಮೊದಲು ಜಾರುತ್ತದೆ. ಸಪಾಟು ರಸ್ತೆಯಲ್ಲಿ ಬರೀ ಸ್ಟೇರಿಂಗ್ ತಿರುಗಿಸಿದ್ದಕ್ಕೆ ಮಗುಚುವುದು ಅಪರೂಪ.

ಮಗುಚುವುದು ಬಹುಪಾಲು ಜಾರುತ್ತಿರುವ ಚಕ್ರ ಏನಕ್ಕಾದರೂ ಸಿಕ್ಕಿಕೊಂಡಾಗ. ಡಿವೈಡರ್ ಕಲ್ಲಿರಬಹುದು, ಗುಂಡಿಯಿರಬಹುದು, ಮೆತ್ತಗಿನ ಮಣ್ಣಿರಬಹುದು. ಈಗ ನಮ್ಮ ಕಡೆ ರಸ್ತೆ ಅಂಚು ನೆನಪು ಮಾಡಿಕೊಳ್ಳಿ.

ಎರೆ ಹೊಲ
ಇದನ್ನೇ ಹೇಳಬೇಕು ಅಂತ ಬಂದೆ. ಬಾಗಲಕೋಟೆ ಜಿಲ್ಲೆಯವನು, ಟ್ರ್ಯಾಕ್ಟರ್, ಬೊಲೆರೊ ಎರಡೂ ಓಡಿಸುತ್ತೇನೆ.

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆ ಕುಣಿಯುತ್ತದೆ. ಹೊಸದಾಗಿ ಹಾಕಿದ ರಸ್ತೆಯೂ ಎರಡು ಮಳೆಗಾಲಕ್ಕೆ ಅಲೆ ಅಲೆಯಾಗುವುದು ಇದಕ್ಕೇ. ಅಂಚಿನಲ್ಲಿ ಇನ್ನೂ ಕಷ್ಟ. ಡಾಂಬರು ಮುಗಿದ ಕಡೆ ಅರ್ಧ ಅಡಿ ಇಳಿಜಾರು, ಕೆಳಗೆ ಹಸಿ ಎರೆ. ಎದುರಿಗೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಬಂತು ಅಂತ ಎಡ ಚಕ್ರ ಕೆಳಗಿಳಿಸುತ್ತೀರಿ. ಇಳಿಸಿದ್ದಕ್ಕೆ ಏನೂ ಆಗಲ್ಲ. ಗಾಬರಿಯಿಂದ ವಾಪಸ್ ಎಳೆಯುತ್ತೀರಲ್ಲ, ಅಲ್ಲಿ ಅಪಾಯ. ಚಕ್ರದ ಪಕ್ಕ ಡಾಂಬರಿನ ಅಂಚಿಗೆ ಉಜ್ಜುತ್ತಾ ಹತ್ತುವುದೇ ಇಲ್ಲ. ಇನ್ನೂ ಜಾಸ್ತಿ ತಿರುಗಿಸುತ್ತೀರಿ. ಆಮೇಲೆ ಒಮ್ಮೆಲೇ ಹತ್ತಿ ಗಾಡಿ ಸೀದಾ ಬಲಕ್ಕೆ ನುಗ್ಗುತ್ತದೆ. ಅದನ್ನು ತಡೆಯಲು ಮತ್ತೆ ಎಡಕ್ಕೆ. ಎತ್ತರದ ಗಾಡಿ ಈ ಎರಡನೇ ಎಳೆತದಲ್ಲೇ ಮಲಗುತ್ತದೆ.

ಮಾಡಬೇಕಾದ್ದು ಇಷ್ಟು: ಚಕ್ರ ಕೆಳಗಿಳಿದರೆ ಸ್ಟೇರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ಇಳಿದ ಮೇಲೆ ಅಂಚು ತಗ್ಗಿರುವ ಕಡೆ ನಿಧಾನಕ್ಕೆ ಹತ್ತಿಸಿ.

ಗುಮ್ಮಟದೂರು
ಇದು ಸೆಡಾನ್‌ಗೂ ಅನ್ವಯ ಅಲ್ವಾ?

ಎರೆ ಹೊಲ
ಅನ್ವಯ. ಸೆಡಾನ್ ಹೆಚ್ಚಾಗಿ ತಿರುಗಿ ಅಡ್ಡ ನಿಲ್ಲುತ್ತದೆ. ಅದೂ ಒಳ್ಳೆಯದಲ್ಲ, ಎದುರಿಗೆ ಲಾರಿ ಇದ್ದರೆ.

ಅಲೈನ್‌ಮೆಂಟ್ ಅಂಗಡಿ
ಬೆಳಗಾವಿಯಲ್ಲಿ ಟಯರ್ ಕೆಲಸ ನನ್ನದು. ನೀವೆಲ್ಲ ಎಸ್‌ಯುವಿ, ಎಸ್‌ಯುವಿ ಅಂತ ಒಂದೇ ಹೆಸರಲ್ಲಿ ಕರೆಯುತ್ತಿದ್ದೀರಿ, ಅದಕ್ಕೇ ಜಗಳ ಹರಿಯುತ್ತಿಲ್ಲ.

ಬೊಲೆರೊ, ಸ್ಕಾರ್ಪಿಯೊ, ಫಾರ್ಚುನರ್ ಇವು ಲಾರಿ ತರಹ ಕೆಳಗೆ ಲ್ಯಾಡರ್ ಫ್ರೇಮ್, ಅಂದ್ರೆ ಏಣಿಯಂಥ ಚೌಕಟ್ಟು, ಮೇಲೆ ಬಾಡಿ. ಕ್ರೆಟಾ, ಸೆಲ್ಟೋಸ್, ಕುಶಾಕ್, ನೆಕ್ಸಾನ್ ಇವು ಮೊನೊಕಾಕ್, ಅಂದ್ರೆ ಬಾಡಿಯೇ ಚಾಸಿ. ನಿಜ ಹೇಳಬೇಕಂದ್ರೆ ಎತ್ತರ ಮಾಡಿದ ಕಾರುಗಳು. ಸ್ಕೋಡಾ ಸ್ಲಾವಿಯಾ ಸೆಡಾನ್, ಕುಶಾಕ್ ಎಸ್‌ಯುವಿ ಎರಡೂ ಒಂದೇ ಪ್ಲಾಟ್‌ಫಾರಂ ಮೇಲೆ ನಿಂತಿವೆ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ ಒಂದೇ, 2651 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲದಿಂದ ಗಾಡಿ ಹೊಟ್ಟೆಗಿರುವ ಎತ್ತರ, ಸ್ಲಾವಿಯಾಗೆ 179, ಕುಶಾಕ್‌ಗೆ 188. 9 ಮಿ.ಮೀ. ವ್ಯತ್ಯಾಸ ರೀ! ಚಾವಣಿ ಮಾತ್ರ ಸುಮಾರು 10 ಸೆಂ.ಮೀ. ಎತ್ತರ. ಎರಡನ್ನೂ ಒಂದೇ ದಿನ ಓಡಿಸಿದರೆ ಎತ್ತರ ಏನು ಮಾಡುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಲ್ಯಾಡರ್ ಫ್ರೇಮ್ ಗಾಡಿಗೆ ಗುಂಡಿ ಲೆಕ್ಕಕ್ಕಿಲ್ಲ, ಅದು ಅದರ ಶಕ್ತಿ. ಆದರೆ ಭಾರ ಜಾಸ್ತಿ, ಸ್ಟೇರಿಂಗ್ ತಿರುಗಿಸಿದ್ದಕ್ಕೆ ಮುಂಭಾಗ ಒಂದು ಕ್ಷಣ ತಡವಾಗಿ ಉತ್ತರ ಕೊಡುತ್ತದೆ. ಬೊಲೆರೊದಂತೆ ಹಿಂದೆ ಪಟ್ಟಿ ಸ್ಪ್ರಿಂಗ್ ಇರುವ ಗಾಡಿ ಖಾಲಿ ಇದ್ದಾಗ ಅಲೆಯಿರುವ ತಿರುವಿನಲ್ಲಿ ಹಿಂಬದಿ ಕುಪ್ಪಳಿಸುತ್ತದೆ. ನಾಲ್ಕು ಜನ ಕೂತರೆ ಸುಮ್ನೆ ಕೂರುತ್ತದೆ.

ಕಪ್ಪು ಸ್ಕಾರ್ಪಿಯೊ
ಮೊನೊಕಾಕ್ ಎಸ್‌ಯುವಿ ಎಸ್‌ಯುವಿನೇ ಅಲ್ಲ, ಅದು ನನ್ನ ಅಭಿಪ್ರಾಯ 😄

ಟಿಳಕವಾಡಿ
ತೆರಿಗೆಯವರ ಅಭಿಪ್ರಾಯ ಬೇರೆ. ಅವರ ಲೆಕ್ಕಕ್ಕೆ 4 ಮೀಟರಿಗಿಂತ ಉದ್ದ, 1500 ಸಿಸಿಗಿಂತ ದೊಡ್ಡ ಎಂಜಿನ್, 170 ಮಿ.ಮೀ. ಕ್ಲಿಯರೆನ್ಸ್ ಇದ್ದರೆ ಸಾಕು. ತಿರುವಿನಲ್ಲಿ ಏನಾಗುತ್ತದೆ ಅಂತ ಅಲ್ಲಿ ಯಾರೂ ಕೇಳಲ್ಲ.

ಖಾನಾಪುರ ಅಕ್ಕ
ಚೋರ್ಲಾ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ, ನಾನು ಹೇಳುತ್ತೇನೆ. ನಮ್ಮದು ಎತ್ತರದ ಡೀಸೆಲ್, ಮನೆಯವರಿಗಿಂತ ನಾನೇ ಜಾಸ್ತಿ ಓಡಿಸುವುದು. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಹೋಗುವವರ ಹಿಂದೆ ಸಿಕ್ಕರೆ ಸುಟ್ಟ ವಾಸನೆ ಗಾಜು ಮುಚ್ಚಿದರೂ ಒಳಗೆ ಬರುತ್ತದೆ. ಭಾರದ ಗಾಡಿ ನಿಲ್ಲಿಸೋಕೆ ಜಾಸ್ತಿ ದೂರ ಬೇಕು, ಇದು ಎಲ್ಲರಿಗೂ ಗೊತ್ತಿರಬೇಕು.

ಟಿಳಕವಾಡಿ
ಅಕ್ಕ, ಒಂದು ತಿದ್ದುಪಡಿ. ಭಾರ ಜಾಸ್ತಿಯಾದರೆ ಟಯರ್ ರಸ್ತೆಯನ್ನು ಒತ್ತುವುದೂ ಜಾಸ್ತಿ, ಹಾಗಾಗಿ ಬ್ರೇಕ್, ಟಯರ್ ಚೆನ್ನಾಗಿದ್ದರೆ ಒಂದು ಸಲ ನಿಲ್ಲಿಸುವ ದೂರ ಭಾರದ ಜೊತೆ ಅಷ್ಟು ಬದಲಾಗಲ್ಲ. ಆದರೆ ಆ ಶಕ್ತಿಯೆಲ್ಲ ಶಾಖವಾಗಿ ಬ್ರೇಕಿಗೇ ಹೋಗಬೇಕು. ಘಾಟಿನಲ್ಲಿ ಮತ್ತೆ ಮತ್ತೆ ಹಿಡಿದಾಗ ಭಾರದ ಗಾಡಿಯ ಬ್ರೇಕ್ ಬೇಗ ಕಾಯುತ್ತದೆ, ಕಾದ ಮೇಲೆ ಹಿಡಿತ ಕಮ್ಮಿ. ನೀವು ಹೇಳಿದ ವಾಸನೆ ಅದೇ.

ಖಾನಾಪುರ ಅಕ್ಕ
ಸರಿ, ಒಪ್ಪಿದೆ. ನಾನಂತೂ ಎರಡನೇ ಗೇರಿನಲ್ಲೇ ಇಳಿಸುವುದು, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಆಟೊಮ್ಯಾಟಿಕ್ ತಗೊಂಡರೆ ಮ್ಯಾನುವಲ್ ಮೋಡ್ ಹೇಗೆ ಹಾಕುವುದು ಅಂತ ಮೊದಲೇ ಕಲಿಯಿರಿ, ಘಾಟಿನ ನಡುವೆ ಅಲ್ಲ. ಇನ್ನೊಂದು ವಿಷಯ. ತಿರುವಿಗೆ ತಿರುವು ಬರುವ ಕಡೆ ಹಿಂದಿನ ಸೀಟಿನ ಮಕ್ಕಳಿಗೆ ಎತ್ತರದ ಗಾಡಿಯಲ್ಲಿ ವಾಂತಿ ಜಾಸ್ತಿ. ಗಾಡಿ ಒಂದು ಕಡೆ ವಾಲಿ ಸರಿಯಾಗುವ ಮೊದಲೇ ಇನ್ನೊಂದು ಕಡೆ ವಾಲುತ್ತದೆ. ಕಣಕುಂಬಿ ದಾಟುವುದರೊಳಗೆ ನಮ್ಮ ಸಣ್ಣವನದು ಶುರು.

ಜೀಪಿನ ಕಾಲದವ
ಹಳೇ ಕಥೆ ಒಂದು. ನಮ್ಮ ಜಿಪ್ಸಿ ಇತ್ತಲ್ಲ, 1985ರಲ್ಲಿ ಬಂದದ್ದು. ಅದರ ಬಂಧು ಸುಜುಕಿ ಸಮುರಾಯ್ ಅಮೆರಿಕದಲ್ಲಿ ಮಾರಾಟದಲ್ಲಿತ್ತು. 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ "ಇದು ಸುಲಭವಾಗಿ ಮಗುಚುತ್ತದೆ, ಕೊಳ್ಳಬೇಡಿ" ಅಂತ ಬರೆದು ದೊಡ್ಡ ಗಲಾಟೆಯಾಯಿತು, ಸುಜುಕಿ ಕೋರ್ಟಿಗೂ ಹೋಯಿತು. ಎತ್ತರದ ಗಾಡಿಯ ಭಯ ಹೊಸದಲ್ಲ.

ಟಿಳಕವಾಡಿ
ಅದಕ್ಕಿಂತ 1997ರ ಕಥೆ ಇಲ್ಲಿಗೆ ಹೊಂದುತ್ತದೆ. ಮರ್ಸಿಡಿಸ್ ಎ-ಕ್ಲಾಸ್ ಅನ್ನೋ ಎತ್ತರದ ಸಣ್ಣ ಕಾರು, ಎಸ್‌ಯುವಿಯೇ ಅಲ್ಲ. ಸ್ವೀಡನ್‌ನ ಪತ್ರಿಕೆಯೊಂದು ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಪಟ್ಟನೆ ಎಡ ಬಲ ತಿರುಗಿಸುವ ಪರೀಕ್ಷೆ ಮಾಡಿದಾಗ ಮಗುಚಿತು. ಕಂಪನಿ ಸಸ್ಪೆನ್ಶನ್ ಬದಲಿಸಿ, ಇಎಸ್‌ಪಿ (ಗಾಡಿ ಜಾರುವುದನ್ನು ತಡೆಯುವ ವ್ಯವಸ್ಥೆ) ಹಾಕಿ ಮತ್ತೆ ಮಾರಾಟಕ್ಕೆ ಬಿಟ್ಟಿತು. ಅಲ್ಲಿ ಅಡ್ಡ ಬರುವುದು ಮೂಸ್ ಅನ್ನೋ ದೊಡ್ಡ ಜಿಂಕೆ, ನಮ್ಮಲ್ಲಿ ಎಮ್ಮೆ.

ಈ ಇಎಸ್‌ಪಿ ಇದೆಯಾ ಅಂತ ನೋಡಿ, ಸನ್‌ರೂಫ್ ಆಮೇಲೆ. ಗಾಡಿ ನೀವು ತಿರುಗಿಸಿದ ಕಡೆ ಹೋಗದೆ ಜಾರತೊಡಗಿದರೆ ಅದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಅಮೆರಿಕದಲ್ಲಿ 2012ರ ಮಾದರಿಗಳಿಂದ ಕಡ್ಡಾಯ. ಇಲ್ಲಿ 2024ರ ಹೊಸ ಡಿಜೈರ್‌ನ ಎಲ್ಲಾ ವೇರಿಯಂಟಿನಲ್ಲೂ ಬಂತು. ಅಂದ್ರೆ ಇಎಸ್‌ಪಿ ಇಲ್ಲದ ಹಳೇ ದೊಡ್ಡ ಎಸ್‌ಯುವಿಗಿಂತ ಎಮ್ಮೆ ಅಡ್ಡ ಬಂದಾಗ ಆ ಡಿಜೈರ್ ನನಗೆ ಸಾಕು.

ಕಪ್ಪು ಸ್ಕಾರ್ಪಿಯೊ
ಎಮ್ಮೆಗೆ ಗುದ್ದಿದರೆ ಯಾವುದರಲ್ಲಿ ಕೂತಿರಬೇಕು ಅಂತೀರಿ? ನಾನು ನನ್ನ ಗಾಡಿಯಲ್ಲೇ ಇರುತ್ತೇನೆ. ಫೋರ್ ವೀಲ್ ಡ್ರೈವ್ ಬೇರೆ ಇದೆ.

ಎರೆ ಹೊಲ
ಫೋರ್ ವೀಲ್ ಹೊಲದಿಂದ ಹೊರಬರಲು ಬೇಕು, ನಿಲ್ಲಿಸಲು ಅಲ್ಲ. ಎಲ್ಲಾ ಗಾಡಿಗೂ ಬ್ರೇಕ್ ನಾಲ್ಕು ಚಕ್ರಕ್ಕೇ ಇರುವುದು. ಕಬ್ಬು ಕಡಿಯುವಾಗ ಟ್ರ್ಯಾಕ್ಟರ್ ಚಕ್ರದ ಎರೆ ರಸ್ತೆ ಮೇಲೆ ಬಿದ್ದಿರುತ್ತದೆ, ಅದರ ಮೇಲೆ ಸಣ್ಣ ಮಳೆ ಬಂದರೆ ಸಾಬೂನು. ಫೋರ್ ವೀಲ್ ಇದೆ ಅಂತ ಅದರ ಮೇಲೆ 80ರಲ್ಲಿ ಹೋದವರನ್ನು ಗದ್ದೆಯಿಂದ ಎಳೆಯುವುದು ನಮ್ಮ ಟ್ರ್ಯಾಕ್ಟರೇ.

ಅಲೈನ್‌ಮೆಂಟ್ ಅಂಗಡಿ
ನನ್ನ ಹತ್ತಿರ ಬರುವ ಎಸ್‌ಯುವಿಗಳ ಮುಂದಿನ ಟಯರ್ ಹೇಗಿರುತ್ತದೆ ಗೊತ್ತಾ? ನಡುವೆ ಗೀರು ಚೆನ್ನಾಗಿರುತ್ತದೆ, ಹೊರಗಿನ ಭುಜ ಬೋಳು. ಬೆರಳು ಅಡ್ಡ ಸವರಿದರೆ ಒಂದು ಕಡೆಯಿಂದ ನುಣುಪು, ವಾಪಸ್ ತಂದರೆ ಗರಗಸದ ಹಲ್ಲು ತಾಗಿದಂತೆ. ಗಾಳಿ ಕಮ್ಮಿ, ತಿರುವಿನಲ್ಲಿ ವೇಗ ಜಾಸ್ತಿ, ಜೊತೆಗೆ ಅಲೈನ್‌ಮೆಂಟ್ ತಪ್ಪಿದೆ. ಮಾಲೀಕರು ಗಾಡಿ ತೇಲುತ್ತದೆ ಅಂತ ಕಂಪನಿಗೆ ಬೈಯುತ್ತಿರುತ್ತಾರೆ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್ ನೋಡಿ, ಬಹಳ ಗಾಡಿಗಳಲ್ಲಿ ತುಂಬಿದ ಭಾರಕ್ಕೆ ಬೇರೆ ಗಾಳಿ ಬರೆದಿರುತ್ತಾರೆ. ಆಮೇಲೆ ಚಾವಣಿ ಮೇಲೆ ಕ್ಯಾರಿಯರ್ ಹಾಕಿ ಚೀಲ ಹೇರುವುದು. ಮೊದಲೇ ಎತ್ತರ, ಅದರ ಮೇಲೆ 60 ಕಿಲೊ. ಟಿಳಕವಾಡಿಯವರ ಲೆಕ್ಕದ 1.07 ಅಲ್ಲೇ ಇನ್ನೂ ಇಳಿಯಿತು.

ಗುಮ್ಮಟದೂರು
ಕೊಲ್ಹಾರ ಸೇತುವೆ ಮೇಲೆ ಗಾಳಿಗೆ ಗೆಳೆಯನ ಗಾಡಿ ಸ್ವಲ್ಪ ಸರಿದಂತೆ ಆಯ್ತು. ಅದೂ ಎತ್ತರದಿಂದಲೇನಾ?

ಎರೆ ಹೊಲ
ಹೌದು. ಆಷಾಢದಲ್ಲಿ ಹಿನ್ನೀರಿನ ಮೇಲಿಂದ ಬರುವ ಗಾಳಿಗೆ ತಡೆಯೇ ಇಲ್ಲ. ಪಕ್ಕದ ಮೈ ದೊಡ್ಡದಾದಷ್ಟು ತಳ್ಳುವುದು ಜಾಸ್ತಿ. ಲಾರಿಯನ್ನು ಓವರ್‌ಟೇಕ್ ಮಾಡಿ ಅದರ ಮರೆಯಿಂದ ಹೊರಬರುವ ಕ್ಷಣಕ್ಕೆ ಎರಡೂ ಕೈ ಸ್ಟೇರಿಂಗ್ ಮೇಲಿರಲಿ.

ಟಿಳಕವಾಡಿ
ನನ್ನ ಓಟು ಕೇಳಿದರೆ: ನಿಮ್ಮ ಓಡಾಟಕ್ಕೆ ಇಎಸ್‌ಪಿ ಇರುವ ಮೊನೊಕಾಕ್ ಎಸ್‌ಯುವಿ ಅಥವಾ 170ಕ್ಕಿಂತ ಜಾಸ್ತಿ ಕ್ಲಿಯರೆನ್ಸ್ ಇರುವ ಸೆಡಾನ್. ನಾನಾದರೆ ಸೆಡಾನ್. ರಸ್ತೆಯ ಹಂಪ್ ಬಂದರೆ ನಿಧಾನ ಮಾಡಬಹುದು, ತಿರುವಿನಲ್ಲಿ ಬೇಕಾದ ಹಿಡಿತ ಆಮೇಲೆ ಕೊಂಡು ತರೋಕಾಗಲ್ಲ. ಎಲೆಕ್ಟ್ರಿಕ್‌ಗೆ ಬಜೆಟ್ ಎಟುಕಿದರೆ ಬೇರೆ ಮಾತು. ಬ್ಯಾಟರಿ ನೆಲದಲ್ಲಿರುವುದರಿಂದ ಎತ್ತರದ ಗಾಡಿಯೂ ಅಷ್ಟು ವಾಲುವುದಿಲ್ಲ.

ಖಾನಾಪುರ ಅಕ್ಕ
ಅವ್ವನನ್ನು ಕೇಳಿದ್ದೀರಾ? ಮಂಡಿ ನೋವಿದ್ದರೆ ಸೆಡಾನ್‌ನಿಂದ ಎದ್ದು ಬರುವುದೇ ಒಂದು ಕೆಲಸ. ನಿಮ್ಮೆಲ್ಲರ ಲೆಕ್ಕದಲ್ಲಿ ಅದು ಬರಲೇ ಇಲ್ಲ.

ಗುಮ್ಮಟದೂರು
ಅವ್ವನಿಗೆ ಮಂಡಿ ನೋವು ಇದೆ ಅಕ್ಕ, ಅದನ್ನು ಬರೆಯಬೇಕಿತ್ತು. ಹಾಗಾದರೆ ಕ್ರೆಟಾ, ಕುಶಾಕ್ ತರಹದ್ದು ನೋಡುತ್ತೇನೆ, ಸ್ಲಾವಿಯಾ ಕೂಡ ಒಮ್ಮೆ. ಶೋರೂಮಿನವರು ಸೋಲಾಪುರ ರಸ್ತೆಯಲ್ಲಿ ಸೀದಾ ಹೋಗಿ ಸೀದಾ ಬಾ ಅಂತಾರೆ. ಈ ಸಲ ಎಲ್ಲರನ್ನೂ ಕೂರಿಸಿಕೊಂಡು ಬಬಲೇಶ್ವರದ ಕಡೆ ಹೋಗೋಣ ಅಂತ ಕೇಳುತ್ತೇನೆ.

ಅಲೈನ್‌ಮೆಂಟ್ ಅಂಗಡಿ
ಹೊರಡುವ ಮೊದಲು ಗಾಳಿ ಚೆಕ್ ಮಾಡಿಸಿ. ಯಾರ್ಡಿನಲ್ಲಿ ನಿಂತ ಗಾಡಿಗೆ ಜಾಸ್ತಿ ತುಂಬಿಸಿಟ್ಟಿರುತ್ತಾರೆ, ಹಾಗೇ ಓಡಿಸಿದರೆ ಯಾವ ಗಾಡಿಯೂ ಕುಣಿಯುತ್ತದೆ.