ಅಪ್‌ಡೇಟ್: ಮನೆಪಾಠದ ಮೊದಲ ವರ್ಷ, ಪಠ್ಯಕ್ರಮ ನಿಶ್ಚಯವಾಯಿತು

ನಾಲ್ಕನೆಯ ತರಗತಿಯ ವಯಸ್ಸಿನ ಮಗಳಿಗೆ ಮನೆಯಲ್ಲೇ ಪಾಠ ಆರಂಭಿಸಿದ್ದೇವೆ, ಯಾವ ಪಠ್ಯಕ್ರಮ ಹಿಡಿಯಲಿ, ಇದು ನನ್ನಿಂದ ಆಗುವ ಕೆಲಸವೇ ಎಂದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಈ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ಕೊನೆಗೆ ಕೈಹಿಡಿದದ್ದು, ಕೇರಳದ ಎಸ್‌ಸಿಇಆರ್‌ಟಿ (ರಾಜ್ಯದ ಶಾಲಾ ಪಠ್ಯಕ್ರಮ ರೂಪಿಸುವ ಸರ್ಕಾರಿ ಸಂಸ್ಥೆ) ಕನ್ನಡ ಮಾಧ್ಯಮದ ಮಕ್ಕಳಿಗೆಂದು ಪ್ರಕಟಿಸುವ ಪಠ್ಯಪುಸ್ತಕಗಳನ್ನೇ ಆಧಾರವಾಗಿಟ್ಟುಕೊಂಡು, ಕನ್ನಡದ ಹೆಚ್ಚಿನ ಓದಿಗೆ ಕರ್ನಾಟಕದ ಪುಸ್ತಕವನ್ನು ಜೊತೆಗಿರಿಸಿಕೊಳ್ಳಿ ಎಂಬ ಸಲಹೆ. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹಣ ಕೊಟ್ಟು ತರಿಸಿದ ಇಂಗ್ಲಿಷ್ ಕಿಟ್ ನಮಗೆ ಒಗ್ಗಲಿಲ್ಲ. ಅಡಿಕೆ ತೋಟದ ನಡುವೆ ಬೆಳೆಯುವ ಮಗುವಿಗೆ ಅದರಲ್ಲಿ ಬರೀ ಹಿಮ ಮತ್ತು ಓಕ್ ಮರಗಳೇ ಇದ್ದವು. ಶಾಲೆಯ ವೇಳಾಪಟ್ಟಿಯನ್ನು ಮನೆಯಲ್ಲೂ ಪಾಲಿಸುವ ಪ್ರಯತ್ನ ಮಧ್ಯಾಹ್ನದ ಸಿಡುಕಿನಲ್ಲಿ ಮುಗಿಯುತ್ತಿತ್ತು.

ನನಗೆ ಅಚ್ಚರಿಯಾದದ್ದು ಎನ್‌ಐಒಎಸ್ (ಶಾಲೆಗೆ ಹೋಗದವರಿಗೂ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಕುರಿತ ಮಾಹಿತಿ. ಅದರ ಮುಕ್ತ ಮೂಲಭೂತ ಶಿಕ್ಷಣದಲ್ಲಿ 'ಎ' ಹಂತ 3ನೆಯ, 'ಬಿ' 5ನೆಯ, 'ಸಿ' 8ನೆಯ ತರಗತಿಗೆ ಸಮಾನವೆಂದೂ, ಹತ್ತನೆಯ ತರಗತಿಗೆ ಸಮಾನವಾದ ಸೆಕೆಂಡರಿ ಪರೀಕ್ಷೆಗೆ 14 ವರ್ಷ ತುಂಬಿರಬೇಕೆಂದೂ ತಿಳಿದ ಮೇಲೆ, ಈಗಲೇ ಪ್ರಮಾಣಪತ್ರದ ಚಿಂತೆ ಬೇಡವೆನಿಸಿ ಅರ್ಧ ಭಯ ಇಳಿಯಿತು. ಉಳಿದರ್ಧವನ್ನು ಇಳಿಸಿದ್ದು, ಮಗಳು ಕಲಿತದ್ದನ್ನು ಸಂಜೆ ದಿನಾಂಕ ಸಹಿತ ಬರೆದಿಡಿ ಎಂದ ನಿವೃತ್ತ ಟೀಚರ್ ಒಬ್ಬರ ಮಾತು. ಪುಟ ತಿರುವಿದರೆ ಪ್ರಗತಿ ಕಾಣುತ್ತದೆ, ಪ್ರಶ್ನಿಸುವ ನೆಂಟರಿಗೆ ತೋರಿಸಲೂ ಆಗುತ್ತದೆ!

ಮಲಯಾಳವನ್ನು ಮಾತ್ರ ಪಕ್ಕದ ಮನೆಯ ಅಕ್ಕ ಕಲಿಸುತ್ತಿದ್ದಾರೆ.