ಅಪ್‌ಡೇಟ್: ರಾಮಾಚಾರಿಗೆ ಅಲಮೇಲು ಅರ್ಥವಾಗಿದ್ದಳಾ?

‘ನಾಗರಹಾವು’ ಸಿನಿಮಾದ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಅರ್ಥ ಮಾಡಿಕೊಂಡಿದ್ದನಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಜನ, ಅವನು ಅವಳನ್ನು ಬಿಟ್ಟುಕೊಟ್ಟಿದ್ದು ಗುರುಭಕ್ತಿಯಿಂದ ಅಂದಿರಿ. ಚಿತ್ರದುರ್ಗದವಳು ನಾನು, ರಾಮಾಚಾರಿ ಅಂದ್ರೆ ಪ್ರೀತಿಯೇ, ಆದರೂ ಆ ಉತ್ತರ ಒಪ್ಪೋಕೆ ಆಗಲಿಲ್ಲ. ಹೋದ ವಾರ ಅಮ್ಮನ ಜೊತೆ ಪುಟ್ಟಣ್ಣನವರ 1972ರ ಸಿನಿಮಾ ಮತ್ತೆ ನೋಡಿದೆ. ಚಾಮಯ್ಯ ಮೇಷ್ಟ್ರು ಹೇಳಿದರು ಅಂತ ಅವನು ಅಲಮೇಲುವನ್ನು ಬಿಟ್ಟುಕೊಡುತ್ತಾನಲ್ಲ, ಆಮೇಲೆ ಗಂಡನೇ ಅವಳನ್ನು ಮೈ ಮಾರುವ ದಂಧೆಗೆ ತಳ್ಳುತ್ತಾನೆ, ಅದನ್ನು ನೋಡಿದಾಗಲೇ ರಾಮಾಚಾರಿಗೆ ಅವಳಿಗೇನಾಯಿತು ಅಂತ ಗೊತ್ತಾಗೋದು. "ಬಿಟ್ಟುಕೊಡೋಕೆ ಅವಳೇನು ಇವನ ಆಸ್ತಿನಾ?" ಅಂದರು ಅಮ್ಮ. ನನಗೆ ಬೇಕಿದ್ದ ಉತ್ತರ ಇದೇ. ಅವನ ತ್ಯಾಗಕ್ಕೆ ಎಲ್ಲರೂ ಅತ್ತರು, ಅವಳಿಗೆ ಏನು ಬೇಕಿತ್ತು ಅನ್ನೋದು ಅಲ್ಲೇ ಮುಚ್ಚಿಹೋಯಿತು, ಅಲ್ವಾ? ಸಿನಿಮಾಕ್ಕೆ ಆಧಾರವಾದ ತರಾಸು ಅವರ ಮೂರೂ ಕಾದಂಬರಿ ಈಗ ಓದಬೇಕು. ಓದಿದವರು ಯಾವುದರಿಂದ ಶುರು ಮಾಡಲಿ ಹೇಳಿ.