ಒಂಟಿಯಾಗಿ ಹಿಮ, ಮರಳು ದಾಟುವವರಿಗೆ: ಡಾಕ್ಟರನ್ನು ಕೇಳಿ

ಓಸ್ಲೋ ಸದಸ್ಯ: ನಮಸ್ಕಾರ ಡಾಕ್ಟ್ರೇ. ಮೊನ್ನೆ ರಾತ್ರಿ ನಾರ್ವೆಯ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ ಸ್ಲೆಡ್ಜ್ ಎಳೆಯುವ ಅಭ್ಯಾಸದಲ್ಲಿ ಬಲಗಾಲಿನ ಎರಡು ಬೆರಳು ಬೆಳ್ಳಗಾದವು. ಕ್ಯಾಬಿನ್‌ಗೆ ಬಂದ ಮೇಲೆ ಬಿಸಿಯಾದವು. ಈಗ ರಕ್ತ ತುಂಬಿದ ಗುಳ್ಳೆ, ಮುಟ್ಟಿದರೆ ಗೊತ್ತಾಗಲ್ಲ. ನೋವಿಲ್ಲ. ಮುಂದಿನ ತಿಂಗಳು ಗ್ರೀನ್‌ಲ್ಯಾಂಡ್ ಒಬ್ಬನೇ ದಾಟಬಹುದಾ?

ಧಾರವಾಡ ಸದಸ್ಯೆ: ಗ್ರೂಪಿನಲ್ಲಿ ಬಂದದ್ದು: ಹಿಮದಿಂದಲೇ ತಿಕ್ಕಿ, ಎರಡು ಗುಟುಕು ಬ್ರಾಂದಿ.

ಡಾಕ್ಟರ್: ಓಸ್ಲೋದವರೇ, ನೋವಿಲ್ಲ ಅಂದದ್ದೇ ನನಗೆ ಭಯ. ರಕ್ತದ ಗುಳ್ಳೆ ಅಂದರೆ ಪೆಟ್ಟು ಆಳಕ್ಕೆ ಹೋಗಿದೆ. ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ರಕ್ತನಾಳ ಹಿಗ್ಗಿಸುವ ಐಲೊಪ್ರೋಸ್ಟ್ ಕೊಡಲು ಹೆಚ್ಚೆಂದರೆ 72 ಗಂಟೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಕಳೆದಿದೆ. ಗುಳ್ಳೆ ಒಡೆಯಬೇಡಿ, ಆ ಕಾಲೂರಿ ನಡೆಯಬೇಡಿ. ಒಮ್ಮೆ ಕರಗಿದ ಬೆರಳು ಮತ್ತೆ ಹೆಪ್ಪುಗಟ್ಟಿದರೆ ಉಳಿಯುವ ಭಾಗವೂ ಹೋಗುತ್ತದೆ. ಗ್ರೀನ್‌ಲ್ಯಾಂಡ್ ಈ ವರ್ಷ ಬೇಡ.

ಜೊತೆಗೆ ಯಾರೂ ಇಲ್ಲದಿದ್ದಾಗ ದೇಹ ಕೊಡುವ ಸೂಚನೆಯನ್ನು ಓದುವವರು ನೀವೊಬ್ಬರೇ. 2015–16ರಲ್ಲಿ ಬ್ರಿಟನ್ನಿನ ಹೆನ್ರಿ ವರ್ಸ್ಲಿ ಅಂಟಾರ್ಕ್ಟಿಕಾದಲ್ಲಿ ಒಬ್ಬರೇ 71 ದಿನ ನಡೆದು, ಗುರಿ ಸುಮಾರು 50 ಕಿ.ಮೀ. ಇರುವಾಗ ನೆರವು ಕೇಳಿದರು. ಹೊಟ್ಟೆಯ ಪೊರೆಗೆ ಸೋಂಕಾಗಿತ್ತು. ಚಿಲಿಯ ಪುಂಟಾ ಅರೆನಾಸ್‌ನಲ್ಲಿ ತೀರಿಕೊಂಡರು.

ಮೇಡಂ, ಆ ಫಾರ್ವರ್ಡ್ ಅಳಿಸಿ. ತಿಕ್ಕಿದರೆ ಹರಳುಗಟ್ಟಿದ ಮಾಂಸ ಹರಿದು ಹಾಳಾಗುತ್ತದೆ. ಬ್ರಾಂದಿ ಮೈಶಾಖವನ್ನು ಹೊರಗೆ ಬಿಡುತ್ತದೆ.

ಮೈಸೂರು ಸದಸ್ಯ: ಸರ್, ಮರುಭೂಮಿಯಲ್ಲಿ ನೀರು ಮುಗಿದರೆ ಮೂತ್ರ? ಇಟಲಿಯ ಓಟಗಾರ ಮೌರೊ ಪ್ರೊಸ್ಪೆರಿ 1994ರಲ್ಲಿ ಸಹಾರಾದಲ್ಲಿ ದಾರಿ ತಪ್ಪಿ ಕುಡಿದಿದ್ದರು.

ಡಾಕ್ಟರ್: ಬೇಡ. ಉಪ್ಪು ಕಸ ಎಲ್ಲ ಮತ್ತೆ ಒಳಗೆ. ಹಗಲು ನೆರಳಲ್ಲಿ ಕೂತು ರಾತ್ರಿ ನಡೆಯಿರಿ.

ಹಾಸನ ಸದಸ್ಯ: ಕೈ ಮರಗಟ್ಟಿದರೆ ತಿಕ್ಕಬಹುದಾ?

ಡಾಕ್ಟರ್: ಮೇಲೆ ಓದಿ.

ಮೈಸೂರು ಸದಸ್ಯ: ಅಂಟಾರ್ಕ್ಟಿಕಾವನ್ನು ನೆರವಿಲ್ಲದೆ ಒಬ್ಬನೇ ಮೊದಲು ದಾಟಿದವನು ಅಮೆರಿಕದ ಕಾಲಿನ್ ಓಬ್ರೇಡಿ, 2018.

ಪುಣೆ ಸದಸ್ಯ: ದಕ್ಷಿಣ ಧ್ರುವದಿಂದಾಚೆ ಟ್ರ್ಯಾಕ್ಟರ್‌ಗಳಿಗೆ ಸಮ ಮಾಡಿದ ದಾರಿ ಹಿಡಿದರೆ ನೆರವಿಲ್ಲದ್ದಾ? ಸಮುದ್ರದ ಮೇಲೆ ಚಾಚಿದ ಹಿಮಹಾಸುಗಳನ್ನೂ ದಾಟಲಿಲ್ಲ. 1996–97ರಲ್ಲೇ ನಾರ್ವೆಯ ಓಸ್‌ಲ್ಯಾಂಡ್ ಒಬ್ಬರೇ ಸಾಗರದಿಂದ ಸಾಗರಕ್ಕೆ ಹೋದರು.

ಮೈಸೂರು ಸದಸ್ಯ: ಗಾಳಿಪಟ ಎಳೆದುಕೊಂಡು ಹೋಯಿತಲ್ಲ!

ಪುಣೆ ಸದಸ್ಯ: ಗಾಳಿ ಯಾರೂ ಕೊಟ್ಟ ನೆರವಲ್ಲ. ಓದಿಕೊಂಡು ಮಾತಾಡಿ.

ಮೈಸೂರು ಸದಸ್ಯ: ನೀವು ಕಲಿಸಬೇಕಿಲ್ಲ.

ಬೀದರ್ ಸದಸ್ಯೆ: ಡಾಕ್ಟ್ರೇ, ಥೈರಾಯ್ಡ್ ಮಾತ್ರೆ ಮೈನಸ್ 30ರಲ್ಲಿ ಕೆಡುತ್ತಾ? ಎರಡನೇ ಸಲ ಕೇಳ್ತಿದ್ದೀನಿ.

ಡಾಕ್ಟರ್: ಜಗಳ ಬೇರೆ ಕಡೆ ಇಟ್ಟುಕೊಳ್ಳಿ, ಇಲ್ಲೊಬ್ಬರ ಕಾಲಿದೆ. ಓಸ್ಲೋದವರೇ, ಹೊರಟಿರಾ?

ಓಸ್ಲೋ ಸದಸ್ಯ: ತುರ್ತು ವಿಭಾಗದಲ್ಲಿದ್ದೇನೆ. ಸ್ಕ್ಯಾನ್‌ಗೆ ಕರೆದಿದ್ದಾರೆ.

ಡಾಕ್ಟರ್: ಡ್ರಿಪ್‌ನಲ್ಲಿ ಏನು ಹಾಕಿದರು ಕೇಳಿ, ಬರೆಯಿರಿ.